ಗರೂಫಲ್ಯಾ ಅಜ್ಜಿ ಮೊಮ್ಮಗಳನ್ನು ದೂರದಿಂದ ನೋಡಿದ್ದು

ಗರೂಫಲ್ಯಾ ಅಜ್ಜಿಯಿಂದ ಉಗಿಸಿಕೊಳ್ಳುವುದೆಂದರೆ ಪಲಿಯೊಹೋರಿ ಊರಿನಲ್ಲಿ ಅದೊಂದು ಪುಣ್ಯ. ಹುಟ್ಟಿದ ಕೂಸು, ಮದುವಣಗಿತ್ತಿ, ಈದ ಕುರಿ, ಹೊಸದಾಗಿ ಕೊಂಡ ಟ್ರ್ಯಾಕ್ಟರು, ಏನೇ ಇರಲಿ, ಮೊದಲು ಅವಳ ಮುಂದೆ ಬರಬೇಕು. ಅವಳು ಹತ್ತಿರ ಬಾಗಿ, "ಏನು ಚೆಂದ, ಏನು ಚೆಂದ! ಥೂ, ಥೂ, ಥೂ" ಎಂದು ಮೂರು ಸಲ ಉಗಿಯಬೇಕು. ಆಗ ಕೆಟ್ಟ ಕಣ್ಣು ತಾಗುವುದಿಲ್ಲ ಎಂದು ಊರಿನ ನಂಬಿಕೆ. ಅದು ಬರೀ ಬಾಯಿಯ ಸದ್ದು, ನಿಜವಾಗಿ ಉಗಿಯುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಎದುರಿಗೆ ನಿಂತವರು ಮಾತ್ರ ಅವಳಿಗೆ ಕಾಣದ ಹಾಗೆ ಕೆನ್ನೆ ಒರೆಸಿಕೊಳ್ಳುತ್ತಿದ್ದರು.

ಊರ ಮಕ್ಕಳಿಗೆಲ್ಲ ಉಗಿದ ಈ ಅಜ್ಜಿಗೆ ಸ್ವಂತ ಮೊಮ್ಮಗು ಇರಲಿಲ್ಲ. ಇದ್ದವನೊಬ್ಬ ಮಗ, ಪ್ರೋದ್ರೊಮೊಸ್. ಅವನೂ ಮೆಲ್ಪೊ ಎಂಬ ಅವನ ಹೆಂಡತಿಯೂ ಅಂಗಳದ ಆಚೆ ಬದಿಯ ಮನೆಯಲ್ಲಿ ಸಂಸಾರ ಹೂಡಿ ಎಷ್ಟೋ ವರ್ಷವಾಗಿತ್ತು. ಕೊನೆಗೂ ಆ ಮಾರ್ಚಿನಲ್ಲಿ ತ್ರಿಕಲಾ ಪಟ್ಟಣದ ಆಸ್ಪತ್ರೆಯಲ್ಲಿ ಅವರಿಗೊಂದು ಹೆಣ್ಣು ಮಗು ಹುಟ್ಟಿತು. ಅದೇ ಮಾರ್ಚಿನಲ್ಲಿ ಹೊಸ ಕಾಯಿಲೆಯೂ ದೇಶದೊಳಗೆ ಬಂತು. ಶಾಲೆಗೆ ಬೀಗ ಬಿತ್ತು, ಕಾಫಿ ಅಂಗಡಿಗೆ ಬೀಗ ಬಿತ್ತು. ಚರ್ಚಿನಲ್ಲಿ ಪಾದ್ರಿ ಒಬ್ಬರೇ ನಿಂತು ಹಾಡಿಕೊಳ್ಳುತ್ತಿದ್ದರು. ಟೀವಿ ಹಾಕಿದರೆ ಒಂದೇ ಮಾತು: ಮನೆಯಲ್ಲೇ ಇರಿ.

ಅಜ್ಜಿಯ ಗಂಡ ಅರ್ಗೀರಿಸ್ ತಾತ ಜೀವಮಾನವೆಲ್ಲ ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದವನು. ಮರದ ಹೊಟ್ಟು ಎದೆಯೊಳಗೇ ಕೂತು ಹೋಗಿತ್ತು. ಚಳಿಗಾಲ ಬಂತೆಂದರೆ ಅವನ ಕೆಮ್ಮು ಮೂರು ಬೀದಿಗೆ ಕೇಳುತ್ತಿತ್ತು. ಆದರೂ ಅವನಿಗೆ ಹೆದರಿಕೆ ಇರಲಿಲ್ಲ. ಬೆಳಗಾದರೆ ಮನೆಯಲ್ಲೇ ಇಳಿಸಿದ ದ್ರಾಕ್ಷಿ ಸಾರಾಯಿ ಒಂದು ಲೋಟ ಏರಿಸಿ, "ಇದು ಒಳಗೆ ಇಳಿದ್ಮೇಲೆ ಯಾವ ವೈರಸ್ಸೂ ನಿಲ್ಲಲ್ಲ" ಎನ್ನುತ್ತಿದ್ದ.

ಮಗು ಮನೆಗೆ ಬರುವ ದಿನ ಅಜ್ಜಿ ಎದ್ದಿದ್ದೇ ಹಾಡಿಕೊಂಡು. ರೊಟ್ಟಿ ಸುಟ್ಟಳು, ಬಾಣಂತಿಗೆ ಕೋಳಿ ಸಾರು ಮಾಡಿದಳು, ಹಬ್ಬದ ತಲೆವಸ್ತ್ರ ಕಟ್ಟಿಕೊಂಡು ಅಂಗಳಕ್ಕೆ ಬಂದಳು. ಪಕ್ಕದ ಮನೆಯ ಗಿಡ್ಡ ಗೋಡೆಯ ಮೇಲೆ ಒಂದು ತಲೆ ಕಾಣಿಸಿತು. ಮೂಗು ಬಾಯಿಗೆ ಹೂವಿನ ಬಟ್ಟೆ ಕಟ್ಟಿತ್ತು. ಝಂಬೆತಾ! ಅಜ್ಜಿಯ ಬಾಲ್ಯದ ಗೆಳತಿ. ಜಿಲ್ಲೆಯ ಅರ್ಧ ಮಕ್ಕಳ ಹೆರಿಗೆ ಮಾಡಿಸಿ, ಈಗ ಕೆಲಸದಿಂದ ನಿವೃತ್ತಳಾದ ಸೂಲಗಿತ್ತಿ ನರ್ಸ್.

"ಎಲ್ಲಿಗೆ ಹೊರಟೆ, ಸಿಂಗಾರ ಮಾಡ್ಕೊಂಡು?"

"ಎಲ್ಲಿಗೆ ಅಂದ್ರೆ? ನನ್ನ ಮೊಮ್ಮಗಳು ಬರ್ತಾ ಇದಾಳೆ ಕಣೇ! ಎತ್ಕೋಬೇಕು, ಮುತ್ತು ಕೊಡ್ಬೇಕು, ಮೂರು ಸಲ ಉಗೀಬೇಕು."

"ಎತ್ಕೊಳ್ಳೋದೂ ಬೇಡ, ಮುತ್ತೂ ಬೇಡ. ಉಗಿಯೋದಂತೂ ಬೇಡವೇ ಬೇಡ. ಸ್ವಲ್ಪ ದಿನ ತಡ್ಕೋ."

ಅಜ್ಜಿ ಸೊಂಟಕ್ಕೆ ಕೈ ಕೊಟ್ಟಳು. "ನಿನಗ್ಯಾಕೇ ಹೊಟ್ಟೆಕಿಚ್ಚು?"

"ಹೊಟ್ಟೆಕಿಚ್ಚಂತೆ! ನಿನ್ನ ಮಗನ್ನ ಹೊರಗೆ ಎಳ್ದಿದ್ದು ಈ ಕೈಯಲ್ಲೇ. ಎಲ್ಲ ಮಕ್ಕಳೂ ತಲೆ ಮುಂದಿಟ್ಟು ಬಂದ್ರೆ, ಅವನು ಕಾಲು ಮುಂದಿಟ್ಟ. ಅಮ್ಮನ ಥರಾನೇ ಹಟಮಾರಿ. ಆವತ್ತು ನನ್ನ ಮಾತು ಕೇಳಿದ್ದಕ್ಕೆ ಇಬ್ರೂ ಉಳಿದ್ರಿ. ಇವತ್ತೂ ಕೇಳು."

"ನನಗೆ ಜ್ವರ ಇಲ್ಲ, ನೆಗಡಿ ಇಲ್ಲ. ಮಗೂಗೆ ನನ್ನಿಂದ ಏನಾಗತ್ತೆ?"

"ಅದೇ ಈ ಕಾಯಿಲೆಯ ಮೋಸ. ಚೆನ್ನಾಗಿ ತಿಂದುಂಡು ಓಡಾಡ್ಕೊಂಡಿರೋರೂ ಹಂಚ್ತಾರೆ, ಅವರಿಗೇ ಗೊತ್ತಿರಲ್ಲ. ಬರೀ ಮಗು ವಿಷಯ ಅಲ್ಲ ಕಣೇ. ನಿನ್ನ ಮಗ ಪಟ್ಟಣದ ಸೂಪರ್ ಮಾರ್ಕೆಟ್ಟಲ್ಲಿ ದಿನಾ ನೂರಾರು ಜನದ ಮಧ್ಯೆ ಇರ್ತಾನೆ. ಅವನು ಗಟ್ಟಿಮುಟ್ಟಾಗಿದಾನೆ, ತಡ್ಕೋತಾನೆ. ಅವನಿಂದ ಇಲ್ಲಿಗೆ ಬಂತು ಅಂದ್ರೆ, ನಿನ್ನ ಯಜಮಾನನ ಆ ಎದೆ ತಡ್ಕೊಳ್ಳತ್ತಾ?"

ಸಾರಾಯಿಯ ಲೋಟ ಹಿಡಿದೇ ಅರ್ಗೀರಿಸ್ ತಾತ ಬಾಗಿಲಿಗೆ ಬಂದ. "ನನ್ನ ಎದೆ ನನಗೆ ಗೊತ್ತು. ಇದು ಕುಡಿದ್ರೆ ಸಾಕು."

"ಹೊಟ್ಟೆಗೆ ಸುರ್ಕೊಂಡ್ರೆ ಕೈ ತೊಳ್ದಂಗಾಗತ್ತಾ ಅರ್ಗೀರಿಸಣ್ಣ?" ಎಂದಳು ಝಂಬೆತಾ. "ಮೊದಲು ಆ ಸೌದೆ ಕೊಟ್ಟಿಗೆ ಒಳಗೆ ಹೋಗು. ಹೆಂಚಿನ ಸಂದೀಲಿ ಬಿಸಿಲು ಬೀಳ್ತಾ ಇದೆ ನೋಡು, ಅಲ್ಲಿ ನಿಂತ್ಕೊಂಡು 'ಪುಟ್ಟಿ ಬಂದ್ಲು, ಪುಟ್ಟಿ ಬಂದ್ಲು' ಅಂತ ಜೋರಾಗಿ ಕೂಗು."

"ಯಾಕೆ?"

"ಕೂಗಪ್ಪಾ ಸುಮ್ನೆ!"

ತಾತ ಗೊಣಗುತ್ತ ಒಳಗೆ ಹೋದ. ಕೊಟ್ಟಿಗೆಯೊಳಗೆ ಕತ್ತಲು, ನಡುವೆ ಕೋಲಿನಂತೆ ಇಳಿದ ಒಂದೇ ಒಂದು ಬಿಸಿಲ ಗೆರೆ. ಅದರ ಮುಂದೆ ನಿಂತು ಎದೆ ತುಂಬಿ ಕೂಗಿದ: "ಪುಟ್ಟಿ ಬಂದ್ಲು!" ಹೊರಗೆ ನಿಂತು ಇಣುಕುತ್ತಿದ್ದ ಅಜ್ಜಿ ಕಣ್ಣರಳಿಸಿದಳು. ಮಾತಿನ ಜೊತೆಗೇ ತಾತನ ಬಾಯಿಂದ ಸಣ್ಣ ಸಣ್ಣ ಹನಿ ಚಿಮ್ಮಿ ಬಿಸಿಲಲ್ಲಿ ಮಿನುಗಿದವು. ದಪ್ಪ ಹನಿ ಕೆಳಗೆ ಬಿದ್ದವು. ಸಣ್ಣವು ಬೀಳಲೇ ಇಲ್ಲ, ಗಾಳಿಯಲ್ಲೇ ತೇಲಿಕೊಂಡು ನಿಂತವು.

"ನೋಡಿದ್ಯಾ?" ಎಂದಳು ಝಂಬೆತಾ ಗೋಡೆಯಾಚೆಯಿಂದ. "ಅವನು ಬರೀ ಮಾತಾಡಿದ್ದು. ಬಿಸಿಲು ಇಲ್ದಿದ್ರೆ ಇದು ನಮಗೆ ಕಾಣೋದೇ ಇಲ್ಲ. ಕಾಯಿಲೆ ಸವಾರಿ ಮಾಡೋದು ಈ ಹನಿಗಳ ಮೇಲೇನೇ. ಮೂಗು ಬಾಯಿಗೆ ಬಟ್ಟೆ ಕಟ್ಟಿದ್ರೆ ಬಹುಪಾಲು ಅಲ್ಲೇ ನಿಲ್ಲತ್ತೆ. ದೂರ ನಿಂತು, ಬಯಲಲ್ಲಿ, ಗಾಳಿ ಆಡೋ ಕಡೆ ಮಾತಾಡಿದ್ರೆ ಇನ್ನೂ ಒಳ್ಳೇದು. ಕೈಗೂ ಅಂಟಿರತ್ತೆ, ಅದಕ್ಕೆ ಸೋಪು."

ಅಜ್ಜಿ ಆ ತೇಲುವ ಹನಿಗಳನ್ನೇ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ಇವರು ಮಾತಾಡಿದ್ದಕ್ಕೇ ಇಷ್ಟು... ಹಂಗಾದ್ರೆ ನಾನು ಉಗಿದಾಗ?"

"ಆ ಲೆಕ್ಕ ಬಿಡು, ಊರು ಇನ್ನೂ ಬದುಕಿದೆ" ಎಂದು ಝಂಬೆತಾ ನಕ್ಕಳು. ಅಜ್ಜಿಗೂ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು.

ಕಾರು ಬಂತು. ಶಾಲಿನಲ್ಲಿ ಸುತ್ತಿದ ಮಗುವನ್ನೆತ್ತಿಕೊಂಡು ಮೆಲ್ಪೊ ಮೆಲ್ಲಗೆ ಇಳಿದಳು. ಅತ್ತೆ ಓಡಿ ಬರುತ್ತಾಳೆ, ತಡೆಯುವುದು ಹೇಗೆ ಎಂದು ಅವಳು ದಾರಿಯುದ್ದಕ್ಕೂ ಕೊರಗಿದ್ದಳು. ನೋಡಿದರೆ ಅತ್ತೆ ಹಿಪ್ಪುನೇರಳೆ ಮರದ ಕೆಳಗೆ ಬೆಂಚಿನ ಮೇಲೆ ಕೂತೇ ಇದ್ದಾಳೆ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ತನ್ನ ಎರಡು ಕೈಯನ್ನು ತಾನೇ ಬಿಗಿಯಾಗಿ ಹಿಡಿದುಕೊಂಡು.

"ಸಾರು ಹೊಸ್ತಿಲ ಮೇಲಿಟ್ಟಿದೀನಿ ಮಗಳೇ. ಬಿಸಿ ಇರೋವಾಗಲೇ ಕುಡಿ. ಮೊದಲು ಆ ಮುಖ ಸ್ವಲ್ಪ ಈ ಕಡೆ ತಿರುಗಿಸು, ನೋಡ್ತೀನಿ."

ಮೆಲ್ಪೊ ಶಾಲು ಸರಿಸಿದಳು. ಅಂಗಳದ ಈ ತುದಿಯಿಂದ ಅಜ್ಜಿಗೆ ಕಂಡದ್ದು ಒಂದು ಕೆಂಪು ಮೂಗು, ಅಷ್ಟೇ.

"ನಮ್ಮ ಮನೆ ಮೂಗೇ!" ಎಂದು ತಾತ ಕೂಗಿದ.

"ಪಾಪ, ಬೆಳೀತಾ ಸರಿಹೋಗತ್ತೆ ಬಿಡಿ" ಎಂದಳು ಅಜ್ಜಿ. ಎಲ್ಲರೂ ನಕ್ಕರು, ಬಾಣಂತಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

ದಿನವೂ ಮೆಲ್ಪೊ ಮಗುವಿನ ತೊಟ್ಟಿಲನ್ನು ಅಂಗಳದ ಆಚೆ ಬದಿಗೆ ತರುತ್ತಿದ್ದಳು. ಅಜ್ಜಿ ಈಚೆ ಬದಿಯಿಂದ ಹಾಡು ಹೇಳಿ ಮಲಗಿಸುತ್ತಿದ್ದಳು. ಮಧ್ಯಾಹ್ನ ಹಳೆಯ ತಲೆದಿಂಬಿನ ಚೀಲಗಳನ್ನು ಕತ್ತರಿಸಿ ಓಣಿಯವರಿಗೆಲ್ಲ ಮಾಸ್ಕು ಹೊಲಿದಳು. ತಾತ ಮಾತ್ರ ಹೊರಗೆ ಹೋಗಿ ಬಂದರೆ ಕೈ ತೊಳೆಯಲು ಪ್ರತಿಸಲವೂ ಜಗಳ ತೆಗೆಯುತ್ತಿದ್ದ.

ಒಂದು ಭಾನುವಾರ ಗೇಟಿನ ಹತ್ತಿರ ಗುಡುಗಿದಂತಾಯಿತು. "ಎಲ್ಲಿ ನನ್ನ ಅಣ್ಣನ ಮೊಮ್ಮಗಳು?" ತಾತನ ತಮ್ಮ ಸ್ತೆರ್ಗಿಯೊಸ್! ಇಟಲಿಗೆ ಕಿತ್ತಳೆ ಹಣ್ಣು ಸಾಗಿಸುವ ಲಾರಿ ಓಡಿಸುತ್ತಿದ್ದವನು, ವಾಪಸು ಬಂದು ಒಂದೆರಡು ದಿನವಷ್ಟೇ ಆಗಿತ್ತು. ಎರಡು ವಾರ ಯಾರನ್ನೂ ಸೇರದೆ ಮನೆಯಲ್ಲೇ ಇರಬೇಕು ಎಂದು ಅವನಿಗೆ ಹೇಳಿ ಕಳಿಸಿದ್ದರು. ಅವನಿಗೆ ಮನೆಯಲ್ಲಿ ಕೂತು ಗೊತ್ತಿಲ್ಲ. ಒಂದು ಕೈಯಲ್ಲಿ ಇಡೀ ಚೀಸಿನ ಗಡ್ಡೆ, ಇನ್ನೊಂದರಲ್ಲಿ ವೈನಿನ ಬಾಟಲಿ, ಮುಖದ ತುಂಬ ನಗು. ಅರ್ಗೀರಿಸ್ ತಾತ ಆಗಲೇ ಎರಡೂ ತೋಳು ಚಾಚಿಕೊಂಡು ಗೇಟಿನತ್ತ ಹೊರಟಿದ್ದ.

ಅಜ್ಜಿ ಪೊರಕೆ ಹಿಡಿದು ನಡುವೆ ಬಂದಳು.

"ಅಲ್ಲೇ ನಿಲ್ಲೋ ಸ್ತೆರ್ಗಿಯೊಸ್!"

"ಏನತ್ತಿಗೆ, ತಮಾಷೆನಾ?"

"ತಮಾಷೆ ಅಲ್ಲ. ಒಳಗೆ ಬಾಣಂತಿ ಇದಾಳೆ, ಹಸುಗೂಸು ಇದೆ, ನಿಮ್ಮಣ್ಣನ ಎದೆ ಹೆಂಗಿದೆ ಅಂತ ನಿಂಗೂ ಗೊತ್ತು. ನಿನ್ನ ಮೇಲೆ ಪ್ರೀತಿ ಇಲ್ಲ ಅಂತಲ್ಲಪ್ಪ. ನೀನು ಮನೇಲಿರಬೇಕಾಗಿತ್ತು."

"ನನಗೇನಾಗಿದೆ? ಎತ್ತಿನ ಹಂಗಿದೀನಿ!"

"ಎತ್ತಾದ್ರೂ ಅಷ್ಟೇ, ಗೇಟಿನಾಚೆ."

"ಕೇಳೋ ಅಣ್ಣಾ, ಸ್ವಂತ ತಮ್ಮನ್ನ ಬೀದೀಲಿ ನಿಲ್ಲಿಸ್ತಾಳೆ ನಿನ್ನ ಹೆಂಡ್ತಿ!"

ತಾತ ಹೆಂಡತಿಯ ಮುಖ ನೋಡಿದ, ತಮ್ಮನ ಮುಖ ನೋಡಿದ. ಅವನ ಕಿವಿ ಕೆಂಪಾಯಿತು. "ಗರೂಫಲ್ಯಾ, ಮರ್ಯಾದೆ ಹೋಗತ್ತೆ ಕಣೇ, ಬಿಡೇ."

"ಮರ್ಯಾದೆ ಹೋದ್ರೆ ನಾನು ಆಮೇಲೆ ಕೇಕು ಮಾಡ್ಕೊಂಡು ಹೋಗಿ ವಾಪಸ್ ತರ್ತೀನಿ. ನಿಮ್ಮ ಉಸಿರು ಹೋದ್ರೆ ಎಲ್ಲಿಂದ ತರ್ಲಿ?"

ತಾತನ ಚಾಚಿದ ತೋಳು ಕೆಳಗಿಳಿಯಿತು. ಸ್ತೆರ್ಗಿಯೊಸ್ ಚೀಸನ್ನು ಗೋಡೆಯ ಮೇಲೆ ಕುಕ್ಕಿ, ಬಾಟಲಿ ಹಿಡಿದುಕೊಂಡೇ ಹೊರಟುಹೋದ. ಆ ಮಧ್ಯಾಹ್ನ ಗಂಡ ಹೆಂಡತಿ ಬೆನ್ನು ತಿರುಗಿಸಿಕೊಂಡು ಊಟ ಮಾಡಿದರು.

ಬುಧವಾರ ಸ್ತೆರ್ಗಿಯೊಸನಿಗೆ ಜ್ವರ ಬಂತು. ಗುರುವಾರ ರೊಟ್ಟಿಯ ರುಚಿಯೂ ಗೊತ್ತಾಗದಾಯಿತು. ಝಂಬೆತಾ ಫೋನಿನಲ್ಲೇ ಹೇಳಿಕೊಟ್ಟಳು: ನೀನೇ ಆಸ್ಪತ್ರೆಗೆ ಓಡಬೇಡ, ಮೊದಲು ಸಹಾಯವಾಣಿಗೆ ಫೋನ್ ಮಾಡು, ಬೇರೆ ಕೋಣೆಯಲ್ಲಿ ಮಲಗು, ಕಿಟಕಿ ತೆರೆದಿಡು, ಉಸಿರು ಕಟ್ಟಿದರೆ ತಡ ಮಾಡದೆ ತಿಳಿಸು. ಪರೀಕ್ಷೆ ಮಾಡಿದರು. ಅದೇ ಕಾಯಿಲೆ. ಅವನು ಕೆಲವು ದಿನ ಆಸ್ಪತ್ರೆಯಲ್ಲಿದ್ದು, ಸೊರಗಿ, ಗೆದ್ದು ಬಂದ.

ಆಸ್ಪತ್ರೆಯಿಂದ ಅವನ ಮೊದಲ ಫೋನು ಬಂದದ್ದು ಅಜ್ಜಿಗೆ. "ಅತ್ತಿಗೆ, ಆವತ್ತು ನೀನು ಆ ಪೊರಕೆ ಹಿಡೀದೇ ಇದ್ದಿದ್ರೆ..." ಎನ್ನುತ್ತಲೇ ಅವನು ಅತ್ತುಬಿಟ್ಟ.

"ಅಳಬೇಡ್ವೋ, ಕೆಮ್ಮು ಬರತ್ತೆ. ನಿನ್ನ ಚೀಸು ಚೆನ್ನಾಗಿತ್ತು."

ಫೋನಿಟ್ಟು ತಿರುಗಿದರೆ ಅರ್ಗೀರಿಸ್ ತಾತ ತೊಟ್ಟಿಯ ಹತ್ತಿರ ನಿಂತಿದ್ದ. ಯಾರೂ ಹೇಳದೆಯೇ ಸೋಪು ಹಚ್ಚಿ, ಬೆರಳ ಸಂದಿ, ಉಗುರು, ಮುಂಗೈ ಎಲ್ಲವನ್ನೂ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದ. ಅಜ್ಜಿ ನೋಡಿಯೂ ನೋಡದ ಹಾಗೆ ಒಳಗೆ ಹೋದಳು.

ಸುದ್ದಿ ಊರೆಲ್ಲ ಹರಡಿತು. ದೃಷ್ಟಿ ತೆಗೆಸಿಕೊಳ್ಳುವವರು ಈಗ ಫೋನ್ ಮಾಡತೊಡಗಿದರು. ಅಜ್ಜಿ ಫೋನಿನಲ್ಲೇ ಪ್ರಾರ್ಥನೆ ಹೇಳಿ, ಕೊನೆಗೆ ತಪ್ಪದೆ ಕೇಳುತ್ತಿದ್ದಳು, "ಕೈ ತೊಳ್ದ್ಯಾ? ದೃಷ್ಟಿ ನಾನು ನೋಡ್ಕೋತೀನಿ. ಈ ಕಾಯಿಲೆ ನನ್ನ ಕೈಲಿಲ್ಲಮ್ಮ, ಅದು ನಿನ್ನ ಕೈಲಿದೆ."

ಈಸ್ಟರ್ ಹಬ್ಬಕ್ಕೆ ನೆಂಟರಿಲ್ಲ, ಮೆರವಣಿಗೆಯಿಲ್ಲ. ಆದರೆ ಅಂಗಳದ ಎರಡು ತುದಿಯಲ್ಲೂ ಕೆಂಡದ ಮೇಲೆ ಕುರಿಮಾಂಸ ಸುಡುತ್ತಿತ್ತು. ಈ ಕಡೆ ತಾತ, ಆ ಕಡೆ ಪ್ರೋದ್ರೊಮೊಸ್, ಯಾರದು ಚೆನ್ನಾಗಿ ಬೆಂದಿದೆ ಎಂದು ಕೂಗಾಟ. ಝಂಬೆತಾ ತನ್ನ ಗೋಡೆಯಾಚೆ ರೇಡಿಯೋ ಜೋರು ಮಾಡಿದಳು. ಕೈ ಕೈ ಹಿಡಿದು ಸಾಲಾಗಿ ಕುಣಿಯುವ ಆ ಊರಿನ ಕುಣಿತದಲ್ಲಿ ಆ ದಿನ ಯಾರೂ ಯಾರ ಕೈಯನ್ನೂ ಹಿಡಿಯಲಿಲ್ಲ; ಅಜ್ಜಿ ಇಲ್ಲಿ, ಝಂಬೆತಾ ಅಲ್ಲಿ, ಒಬ್ಬೊಬ್ಬರೇ ಹೆಜ್ಜೆ ಹಾಕಿದರು. ಓಣಿಯಲ್ಲಿ ಇನ್ನೂ ನಾಲ್ಕು ಮನೆಯವರು ತಮ್ಮ ತಮ್ಮ ಬಾಗಿಲಲ್ಲೇ ಕುಣಿಯತೊಡಗಿದರು. "ಇಷ್ಟು ಉದ್ದದ ಸಾಲು ಮದುವೇಲೂ ನೋಡಿರಲಿಲ್ಲ" ಎಂದು ತಾತ ಏದುಸಿರು ಬಿಡುತ್ತ ನಕ್ಕ.

ಮೇ ತಿಂಗಳಲ್ಲಿ ನಿರ್ಬಂಧ ಸಡಿಲವಾಯಿತು. ಪ್ರೋದ್ರೊಮೊಸ್ ರಜೆ ಹಾಕಿ ಮನೆಯಲ್ಲೇ ಉಳಿದಿದ್ದ, ಮನೆಯಲ್ಲಿ ಯಾರಿಗೂ ಕೆಮ್ಮು ಜ್ವರ ಇರಲಿಲ್ಲ. ಅವತ್ತು ಝಂಬೆತಾಳೇ ಗೋಡೆಯಾಚೆಯಿಂದ, "ಸರಿ, ಇವತ್ತು ಎತ್ಕೋಬಹುದು. ಮಾಸ್ಕು ತೆಗೀಬೇಡ, ಹೊರಗೇ ಕೂತ್ಕೋ" ಎಂದಳು.

ಅಜ್ಜಿ ಮೊಣಕೈತನಕ ತೊಳೆದಳು. ಒಗೆದ ಏಪ್ರನ್ನು ಕಟ್ಟಿದಳು. ಮೆಲ್ಪೊ ಅಂಗಳ ದಾಟಿ ಬಂದು ಮಗುವನ್ನು ಅವಳ ಮಡಿಲಿಗಿಟ್ಟಳು. ಮೊದಲು ಏನು ಹೇಳಬೇಕು ಎಂದು ಇಷ್ಟು ದಿನ ಅಜ್ಜಿ ಎಷ್ಟೆಲ್ಲ ಮಾತು ಕೂಡಿಟ್ಟಿದ್ದಳು. ಆ ಬೆಚ್ಚನೆ ಭಾರ ತೊಡೆಯ ಮೇಲೆ ಕೂತಾಗ ಒಂದೂ ನೆನಪಾಗಲಿಲ್ಲ. ಮಗು ಅವಳ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ಬಂದ್ಯಾ, ನನ್ನಮ್ಮಾ?" ಎಂದಳು, ಅಷ್ಟೇ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಓಣಿಯಲ್ಲೂ ಹಸುಗೂಸಿರುವ ಮನೆ ಇರುತ್ತದೆ, ಎದೆ ಸೋತ ಹಿರಿಯರಿರುತ್ತಾರೆ. ಪ್ರೀತಿ ತೋರಿಸಲು ಮುಟ್ಟಲೇಬೇಕೆಂದಿಲ್ಲ. ಕೈಯನ್ನು ಸೋಪಿನಿಂದ ತೊಳೆಯಿರಿ, ಮೂಗು ಬಾಯಿ ಮುಚ್ಚಿಕೊಳ್ಳಿ, ದೂರ ನಿಂತು ಗಾಳಿಯಾಡುವ ಕಡೆ ಮಾತಾಡಿ. ಬೇರೆ ಊರಿಂದ ಬಂದವರು ಕೆಲವು ದಿನ ಮನೆಯಲ್ಲೇ ಇರಿ. ಜ್ವರ ಬಂದರೆ ಮುಚ್ಚಿಡಬೇಡಿ, ಫೋನ್ ಮಾಡಿ ಆರೋಗ್ಯ ಕಾರ್ಯಕರ್ತೆಗೆ ತಿಳಿಸಿ. ಗೇಟಿನಲ್ಲಿ ಯಾರಾದರೂ ನಿಮ್ಮನ್ನು ತಡೆದರೆ ಬೇಸರ ಮಾಡಿಕೊಳ್ಳದೆ, ಅಲ್ಲಿಂದಲೇ ಕೈ ಬೀಸಿ ನಕ್ಕು ಬನ್ನಿ. ಇವತ್ತು ಒಂದಿಷ್ಟು ದೂರ ನಿಲ್ಲಿ. ನಾಳೆ ಮಡಿಲಿಗೆ ಎತ್ತಿಕೊಳ್ಳಲು ಎಲ್ಲರೂ ಇರಲಿ.