ಹೊರಗಿನಿಂದ ಹಾಕಿದ ಬೀಗ

ಹಾಸ್ಟೆಲ್ಲಿನಲ್ಲಿ ಅವಳನ್ನು ಎಲ್ಲರೂ ಅಜ್ಜಿ ಎಂದೇ ಕರೆಯುತ್ತಿದ್ದರು. ವಯಸ್ಸು ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಬಸ್ಸಿನಿಂದ ಇಳಿಯುವಾಗ ಜಾರಿ ಕಾಲು ಮುರಿದುಕೊಂಡು, ಮಂಡಿಯವರೆಗೆ ಪ್ಲಾಸ್ಟರ್ ಕಟ್ಟಿಸಿಕೊಂಡು, ಊರುಗೋಲು ಹಿಡಿದು ಬಂದ ದಿನ ಬಿದ್ದ ಹೆಸರು ಅದು. ಕೇಳಲಿ ಬಿಡಲಿ, ಕಂಡವರಿಗೆಲ್ಲ ಬುದ್ಧಿ ಹೇಳುವ ಚಟ ಮೊದಲಿನಿಂದಲೂ ಇದ್ದುದರಿಂದ ಹೆಸರು ಗಟ್ಟಿಯಾಗಿ ನಿಂತುಬಿಟ್ಟಿತು. ಆದರೆ ತನಗೆ ಯಾರಾದರೂ ಬುದ್ಧಿ ಹೇಳಿದರೆ ಅದು ಅವಳ ಕಿವಿಗೆ ಇಳಿಯುತ್ತಿರಲಿಲ್ಲ. ಪ್ಲಾಸ್ಟರ್ ಬಿಚ್ಚುವವರೆಗೆ ನೆಲಮಹಡಿಗೆ ಬಂದುಬಿಡು ಎಂದು ವಾರ್ಡನ್ ಹೇಳಿ ಹೇಳಿ ಸೋತಿದ್ದರು.

"ಲಿಫ್ಟ್ ಇದೆಯಲ್ಲಾ ಮೇಡಂ," ಎಂದಿದ್ದಳು ಅಜ್ಜಿ. "ಕೆಳಗಿನ ಕೋಣೆಗೆ ಬಿಸಿಲೇ ಬರಲ್ಲ. ಕಾಲು ವಾಸಿ ಆಗೋದರೊಳಗೆ ನಾನೇ ಬೂಷ್ಟು ಹಿಡೀತೀನಿ."

ಹಾಗೆ ಅವಳು ನಾಲ್ಕನೇ ಮಹಡಿಯಲ್ಲೇ ಉಳಿದಳು. ಮಹಡಿಯ ಉದ್ದಕ್ಕೂ ಓಣಿಯಂತೆ ಒಂದೇ ಕಾರಿಡಾರು. ಅದರ ಈ ತುದಿಯಲ್ಲಿ ಅಜ್ಜಿಯ ಕೋಣೆ. ಇಲ್ಲಿಂದ ಮುಂದಕ್ಕೆ ದಾರಿಯಿಲ್ಲ. ನಟ್ಟನಡುವೆ ಲಿಫ್ಟು, ಮೆಟ್ಟಿಲು, ಹುಡುಗಿಯರು ಚಹಾ ಕಾಯಿಸಿಕೊಳ್ಳುವ ಪುಟ್ಟ ಅಡುಗೆಕೋಣೆ. ಆ ತುದಿಯಲ್ಲಿ ಹಿಂಬದಿಯ ಮೆಟ್ಟಿಲು, ಅದಕ್ಕಂಟಿಕೊಂಡಂತೆ ಕೊನೆಯ ಕೋಣೆ. ಆ ಕೋಣೆಯ ಇಬ್ಬರೂ ಅಧ್ಯಯನ ಪ್ರವಾಸಕ್ಕೆ ಹೋಗಿದ್ದರಿಂದ ಅದಕ್ಕೆ ವಾರದಿಂದ ಬೀಗ ಬಿದ್ದಿತ್ತು.

ಅಜ್ಜಿಯ ಎದುರು ಕೋಣೆಯವಳಿಗೆ ಗುಡುಗು ಎಂದು ಹೆಸರು. ಅವಳು ಫೋನಿನಲ್ಲಿ ಮಾತಾಡಿದರೆ ಅತ್ತ ಕಡೆಯವರಿಗೆ ಫೋನೇ ಬೇಕಾಗಿಲ್ಲ ಎಂದು ಎಲ್ಲರೂ ನಗುತ್ತಿದ್ದರು. ಬೆಳಗಾಗುವ ಮೊದಲೇ ನಿನ್ನ ಕೋಲಿನ ಟಕಟಕ ಶುರುವಾಗುತ್ತೆ ಎಂದು ಅವಳು, ಅರ್ಧ ರಾತ್ರಿಯವರೆಗೆ ನಿನ್ನ ಗಂಟಲು ಮುಚ್ಚೋದಿಲ್ಲ ಎಂದು ಇವಳು, ಒಮ್ಮೆ ಓಣಿಯಲ್ಲೇ ಜಗಳ ಕಾಯ್ದು ಮಾತು ಬಿಟ್ಟಿದ್ದರು. ಎದುರಾದರೆ ಇಬ್ಬರೂ ಗೋಡೆ ನೋಡುತ್ತಿದ್ದರು.

ಆ ಮಧ್ಯಾಹ್ನ ಬೆಂಕಿಯ ಅಲಾರಂ ಹೊಡೆದಾಗ ಅಜ್ಜಿ ಮಂಚದ ಮೇಲೆ ಒರಗಿ ಓದುತ್ತಿದ್ದಳು. ಅವಳು ಕದಲಲಿಲ್ಲ. ಯಾರೋ ಬ್ರೆಡ್ಡು ಸೀಯಿಸಿದರೂ ಸಾಕು, ಆ ಅಲಾರಂ ಬಾಯಿ ಬಡಿದುಕೊಳ್ಳುತ್ತಿತ್ತು. ಮೊದಮೊದಲು ಎಲ್ಲರೂ ಬಿದ್ದೆವೋ ಕೆಟ್ಟೆವೋ ಎಂದು ಓಡುತ್ತಿದ್ದರು. ಈಗ ಅದು ತೋಳ ಬಂತು ತೋಳ ಎನ್ನುವ ಕತೆಯಾಗಿತ್ತು. ಹೆಚ್ಚಿನವರು ತರಗತಿಯಲ್ಲಿದ್ದರು. ಇದ್ದ ನಾಲ್ಕಾರು ಜನ ಚಪ್ಪಲಿ ಎಳೆಯುತ್ತಾ ಇಳಿದುಹೋದ ಸದ್ದು ಕೇಳಿಸಿತು. "ಅಜ್ಜಿ, ಬರ್ತೀಯೇನೇ?" ಎಂದು ಒಬ್ಬಳು ಕೂಗಿದಳು. "ನೀವು ಹೋಗಿ, ಅದು ಈಗ ನಿಲ್ಲುತ್ತೆ," ಎಂದಳು ಅಜ್ಜಿ.

ಅಲಾರಂ ನಿಲ್ಲಲಿಲ್ಲ. ಆಮೇಲೆ ವಾಸನೆ ಬಂತು. ಸೀದ ಬ್ರೆಡ್ಡಿನದಲ್ಲ, ವೈರು, ಪ್ಲಾಸ್ಟಿಕ್ಕು ಸುಡುವ ಘಾಟು, ಗಂಟಲಿಗೆ ಉಗುರು ಹಾಕುವಂಥದ್ದು. ಅಜ್ಜಿ ಊರುಗೋಲು ಎಳೆದುಕೊಂಡು ಬಾಗಿಲಿಗೆ ಬಂದಳು. ಸೇರಿದ ಮೊದಲ ವಾರ ಅಗ್ನಿಶಾಮಕ ದಳದವರು ಬಂದು ಹೇಳಿಕೊಟ್ಟಿದ್ದಂತೆ ಹಿಂಗೈಯಿಂದ ಬಾಗಿಲು ಮುಟ್ಟಿ ನೋಡಿದಳು. ತಣ್ಣಗಿತ್ತು. ಬೆರಳಗಲ ತೆರೆದಳು. ಓಣಿಯ ಸೂರಿಗೆ ಕಪ್ಪು ಹೊಗೆ ಅಂಟಿಕೊಂಡು ದಪ್ಪವಾಗಿ ಇತ್ತ ತೆವಳುತ್ತಿತ್ತು. ನಡುವಿನ ಅಡುಗೆಕೋಣೆಯ ಬಾಗಿಲಲ್ಲಿ ಕೆಂಪಗೆ ಏನೋ ಕುಣಿಯುತ್ತಿತ್ತು. ಲಿಫ್ಟು, ಮೆಟ್ಟಿಲು ಎರಡೂ ಅದರಾಚೆ.

ಅವಳು ಬಾಗಿಲು ಹಾಕಿಕೊಂಡಳು. ಓಡಬೇಕು ಎಂದು ಮೈಯ ಒಂದೊಂದು ಕೂದಲೂ ಹೇಳುತ್ತಿತ್ತು, ಕಾಲು ಮಾತ್ರ ಹೇಳಲಿಲ್ಲ. ಹೊದಿಕೆ ಎಳೆದು, ಕುಡಿಯುವ ನೀರಿನ ಕ್ಯಾನನ್ನು ಅದರ ಮೇಲೆ ಸುರಿದು, ಬಾಗಿಲ ಕೆಳಗಿನ ಸಂದಿಗೆ ತುರುಕುತ್ತಿರುವಾಗಲೇ ಹೊರಗಿನಿಂದ ಯಾರೋ ಬಾಗಿಲು ದಬದಬ ಬಡಿದರು.

ಗುಡುಗು. ಸ್ನಾನದ ಮನೆಯಲ್ಲಿದ್ದವಳು ಒದ್ದೆ ತಲೆಯಲ್ಲೇ ಓಡಿದ್ದಳು. ಅಡುಗೆಕೋಣೆ ದಾಟಲಾಗದೆ ಹೊಗೆ ನುಂಗಿ ವಾಪಸು ಬಂದಿದ್ದಳು. ಅಜ್ಜಿ ಬಾಗಿಲು ತೆರೆದೊಡನೆ ಒಳಗೆ ಬಿದ್ದವಳಿಗೆ ಕೆಮ್ಮು ನಿಲ್ಲಲಿಲ್ಲ. ಅಜ್ಜಿ ಹೊದಿಕೆಯನ್ನು ಮತ್ತೆ ಸಂದಿಗೆ ಒತ್ತಿದಳು. ಅಷ್ಟರಲ್ಲಿ ಗುಡುಗು ಎದ್ದು ಚಿಲಕಕ್ಕೆ ಕೈ ಹಾಕಿದಳು.

"ಎಲ್ಲಿಗೇ?"

"ಬಿಡು. ನಾನು ಹೋಗಬೇಕು. ಇನ್ನೊಂದ್ಸಲ ಓಡಿ ನೋಡ್ತೀನಿ."

"ಹುಚ್ಚು ಹಿಡಿದಿದೆಯಾ? ಆ ಹೊಗೇಲಿ ನಾಲ್ಕು ಹೆಜ್ಜೆ ಇಡೋಕಾಗಲ್ಲ!"

"ನನ್ನ ತಂಗಿ ಅಲ್ಲಿದಾಳೆ ಕಣೇ!"

ಅಜ್ಜಿಗೆ ಅರ್ಥವಾಗಲಿಲ್ಲ. ಗುಡುಗು ಕತ್ತಿನ ದಾರದಲ್ಲಿದ್ದ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ತುಂಡು ತುಂಡಾಗಿ ಹೇಳಿದಳು. ಪ್ರವೇಶ ಪರೀಕ್ಷೆ ಬರೆಯಲು ತಂಗಿ ಬಂದಿದ್ದಳು. ಹೊರಗಿನವರು ಒಂದು ರಾತ್ರಿಗಿಂತ ಹೆಚ್ಚು ಇರುವಂತಿಲ್ಲ. ಕೊನೆಯ ಕೋಣೆಯವರು ಪ್ರವಾಸಕ್ಕೆ ಹೋಗುವಾಗ ಬೀಗದ ಕೈ ಕೊಟ್ಟಿದ್ದರು. ವಾರ್ಡನ್ ಸುತ್ತು ಬಂದರೆ ಅನುಮಾನ ಬರಬಾರದೆಂದು ಹೊರಗಿನಿಂದ ಬೀಗ ಹಾಕಿದ್ದಳು. ತಂಗಿ ರಾತ್ರಿಯೆಲ್ಲ ಓದಿ ಈಗ ಮಲಗಿದ್ದಳು.

"ಹೊರಗಿಂದ ಬೀಗ?" ಎಂದಳು ಅಜ್ಜಿ. ಹಿಂಬದಿಯ ಮೆಟ್ಟಿಲು ಆ ಕೋಣೆಯ ಮಗ್ಗುಲಲ್ಲೇ ಇತ್ತು. ಬಾಗಿಲು ತೆರೆದಿದ್ದರೆ ಆ ಹುಡುಗಿ ಎಲ್ಲರಿಗಿಂತ ಮೊದಲು ಕೆಳಗಿರುತ್ತಿದ್ದಳು.

ಗುಡುಗು ಮತ್ತೆ ಬಾಗಿಲಿಗೆ ನುಗ್ಗಿದಳು. ಅಜ್ಜಿ ಊರುಗೋಲು ಬಿಸಾಡಿ ಬಾಗಿಲಿಗೆ ಬೆನ್ನು ಕೊಟ್ಟು ನೆಲಕ್ಕೆ ಕೂತುಬಿಟ್ಟಳು, ಪ್ಲಾಸ್ಟರ್ ಕಾಲನ್ನು ಚಾಚಿ.

"ಏಳೇ!"

"ಏಳಲ್ಲ."

"ಅವಳು ಸತ್ತರೆ ನಿನ್ನ ಕೊಂದುಬಿಡ್ತೀನಿ ನಾನು!" ಗುಡುಗು ಅವಳ ಭುಜ ಹಿಡಿದು ಎಳೆದಳು. ಪ್ಲಾಸ್ಟರಿನೊಳಗೆ ಮೂಳೆ ಕಿತ್ತುಬಂದಂತಾಗಿ ಅಜ್ಜಿಗೆ ಕಣ್ಣು ಕತ್ತಲೆಗಟ್ಟಿತು.

"ನೀನು ದಾರಿ ಮಧ್ಯ ಬಿದ್ದರೆ ಬೀಗದ ಕೈನೂ ನಿನ್ನ ಜೊತೇಲೇ ಬೀಳುತ್ತೆ," ಎಂದಳು ಅಜ್ಜಿ ಹಲ್ಲು ಕಚ್ಚಿ. "ಫೋನ್ ಮಾಡು. ಮೊದಲು ಅವಳನ್ನ ಎಬ್ಬಿಸು."

ಗುಡುಗಿನ ಫೋನು ಅವಳ ಕೋಣೆಯಲ್ಲಿತ್ತು. ಅಜ್ಜಿಯ ಫೋನಿನಲ್ಲಿ ತಂಗಿಯ ಸಂಖ್ಯೆ ಒತ್ತಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಒತ್ತಿದಳು. ಹೊದಿಕೆಯನ್ನು ಮೀರಿ ಬಾಗಿಲಿನ ಮೇಲಂಚಿನಿಂದ ಹೊಗೆಯ ಎಳೆಯೊಂದು ಒಳಗಿಳಿಯತೊಡಗಿತು. ಮೂರನೆಯ ಸಲಕ್ಕೆ ಅತ್ತಲಿಂದ ದನಿ ಬಂತು, ನಿದ್ದೆಯದಲ್ಲ, ಅಳುವಿನದು. "ಯಾರು? ಅಕ್ಕ, ನೀನಾ? ಬಾಗಿಲು ತೆಗಿಯೇ, ಅಕ್ಕ! ಹೊಗೆ ಬರ್ತಿದೆ! ಆವಾಗಿಂದ ಬಡೀತಿದೀನಿ!"

ಅಷ್ಟು ಗಂಟಲಿನವಳ ಬಾಯಿಂದ "ಪುಟ್ಟಿ, ಪುಟ್ಟಿ" ಎಂಬುದು ಬಿಟ್ಟರೆ ಏನೂ ಹೊರಡಲಿಲ್ಲ. ಅಜ್ಜಿ ಫೋನು ಕಿತ್ತುಕೊಂಡಳು.

"ನೋಡಮ್ಮ, ನಾನು ನಿಮ್ಮಕ್ಕನ ಎದುರು ಕೋಣೆಯವಳು. ಬಾಗಿಲು ಬಡಿಯೋದು ನಿಲ್ಲಿಸು. ನೀರಿದೆಯಾ ಅಲ್ಲಿ?"

"ಒಂದು ಬಾಟಲಿ."

"ಬೆಡ್‌ಶೀಟು ಒದ್ದೆ ಮಾಡಿ ಬಾಗಿಲಿನ ಸಂದಿಗೆ ತುರುಕು. ಆಮೇಲೆ ಕಿಟಕಿ ತೆಗೆದು ಅದರ ಕೆಳಗೇ ನೆಲದ ಮೇಲೆ ಕೂತ್ಕೋ. ನಿಂತ್ಕೋಬೇಡ, ಹೊಗೆ ಮೇಲಿರುತ್ತೆ. ಬೀಗದ ಕೈ ನಮ್ಮ ಹತ್ರ ಇದೆ. ನಿನ್ನ ಹತ್ರ ಬರುತ್ತೆ."

"ಹೇಗೆ ಬರುತ್ತೆ?"

"ಬರುತ್ತೆ ಅಂದ್ನಲ್ಲ," ಎಂದಳು ಅಜ್ಜಿ. ಹೇಗೆಂದು ಅವಳಿಗೂ ಗೊತ್ತಿರಲಿಲ್ಲ.

ಆ ಕರೆ ಮುಗಿಸಿ ಅಗ್ನಿಶಾಮಕದವರಿಗೆ ಫೋನು ಹಚ್ಚಿದಳು. ಎತ್ತಿಕೊಂಡ ಹೆಂಗಸಿನ ದನಿಯಲ್ಲಿ ಗಾಬರಿಯಿರಲಿಲ್ಲ. ಗಾಡಿ ಆಗಲೇ ಹಾಸ್ಟೆಲ್ ಗೇಟು ಸೇರಿದೆ ಎಂದಳು.

"ನಾಲ್ಕನೇ ಮಹಡೀಲಿ ನಾವಿಬ್ಬರು ಸಿಕ್ಕಿಕೊಂಡಿದೀವಿ, ಆ ತುದಿಯ ಕೊನೆ ಕೋಣೇಲೂ ಒಬ್ಬಳಿದಾಳೆ," ಎಂದಳು ಅಜ್ಜಿ.

"ಆ ಕೋಣೆ ಖಾಲಿ, ಬೀಗ ಹಾಕಿದೆ ಅಂತ ವಾರ್ಡನ್ ನಮ್ಮವರಿಗೆ ಹೇಳಿದಾರಲ್ಲ?"

ಅಜ್ಜಿ ಗುಡುಗಿನತ್ತ ನೋಡಿದಳು. ಹೇಳಿದರೆ ಹಾಸ್ಟೆಲ್ಲಿನ ಜಾಗ ಹೋಗುತ್ತದೆ, ಮನೆಯಲ್ಲಿ ತಲೆ ಎತ್ತುವಂತಿಲ್ಲ. ಗುಡುಗು ಅರೆಗಳಿಗೆಯೂ ತಡೆಯಲಿಲ್ಲ. ಫೋನಿಗೆ ಬಾಯಿ ಹಚ್ಚಿ, "ಖಾಲಿ ಇಲ್ಲ ಮೇಡಂ! ನನ್ನ ತಂಗಿ! ನಾನೇ ಒಳಗಿಟ್ಟು ಬೀಗ ಹಾಕಿದೀನಿ!" ಎಂದಳು.

ಅತ್ತಲಿನ ಹೆಂಗಸು ಕೇಳಿದಳು: "ನಿಮ್ಮ ಕೋಣೇಲಿ ಹೊಗೆ ಎಷ್ಟಿದೆ? ನೀವು ತಡ್ಕೋತೀರಾ?"

ಹೊಗೆ ಆಗ ಟ್ಯೂಬ್‌ಲೈಟನ್ನು ಮುಚ್ಚಿತ್ತು. ಅಜ್ಜಿಯ ಕಣ್ಣಿಂದ ನೀರು ಸುರಿಯುತ್ತಿತ್ತು. "ಇಲ್ಲಿ ಅಷ್ಟೇನಿಲ್ಲ," ಎಂದಳು. "ಮೊದಲು ಆ ಕಡೆ ಹೋಗಿ."

ಇಬ್ಬರೂ ತೆವಳಿಕೊಂಡು ಕಿಟಕಿಗೆ ಬಂದರು. ಕಂಬಿಗಳ ನಡುವೆ ಮುಖ ಒತ್ತಿ ಗಾಳಿ ಎಳೆದುಕೊಂಡರು. ಕೆಳಗೆ ಅಂಗಳದಲ್ಲಿ ಹುಡುಗಿಯರ ಗುಂಪು, ಕೆಂಪು ಗಾಡಿ, ಕೈ ಬೀಸುತ್ತಿದ್ದ ವಾರ್ಡನ್. ಗುಡುಗು ಕತ್ತಿನಿಂದ ದಾರ ಕಿತ್ತು ಬೀಗದ ಕೈಯನ್ನು ಎಸೆಯಲು ಕೈ ಹೊರಗೆ ಹಾಕಿದಳು. ಅಜ್ಜಿ ತಟ್ಟನೆ ಮಣಿಕಟ್ಟು ಹಿಡಿದಳು.

"ಹಾಗೇ ಎಸೆದರೆ ಗಿಡದೊಳಗೆ ಬಿದ್ದು ಮಾಯ ಆಗುತ್ತೆ. ಮಂಚದ ಕೆಳಗೆ ನನ್ನ ಶೂ ಇದೆ, ತಾ. ಹೇಗೂ ಒಂದು ಕಾಲಿನದಕ್ಕೆ ಕೆಲಸವಿಲ್ಲ."

ಬೀಗದ ಕೈಯನ್ನು ಕಾಲುಚೀಲದಲ್ಲಿ ಸುತ್ತಿ ಶೂ ಒಳಗೆ ತುರುಕಿ ಲೇಸು ಬಿಗಿದರು. ಕಂಬಿಯ ಸಂದಿಯಲ್ಲಿ ಅದನ್ನು ಅಡ್ಡಡ್ಡ ತೂರಿಸಬೇಕಾಯಿತು. ಗುಡುಗು ತೋಳು ಭುಜದವರೆಗೆ ಹೊರಗೆ ಹಾಕಿ ಬೀಸಿ ಎಸೆದಳು. ಶೂ ಕೆಳಗಿನ ಮಹಡಿಯ ಕಿಟಕಿಯ ಸಜ್ಜಾದ ಅಂಚಿಗೆ ಬಡಿಯಿತು. ಅದು ಪುಟಿದು, ತಿರುಗಿ, ಅಂಗಳದ ಸಿಮೆಂಟಿನ ಮೇಲೆ ಬಿತ್ತು.

"ಕೊನೇ ಕೋಣೆ!" ಗುಡುಗಿನ ಗಂಟಲು ಆಗ ತೆರೆಯಿತು. ಅಲಾರಂ, ಗಾಡಿಯ ಇಂಜಿನು, ಕೆಳಗಿನ ಗದ್ದಲ ಎಲ್ಲವನ್ನೂ ಸೀಳಿಕೊಂಡು ಅದು ಇಳಿಯಿತು. "ಶೂ ಒಳಗೆ ಬೀಗದ ಕೈ ಇದೆ! ಕೊನೇ ಕೋಣೆ! ಹಿಂದಿನ ಮೆಟ್ಟಿಲು!"

ವಾರ್ಡನ್ ಶೂ ಎತ್ತಿಕೊಂಡರು. ಮುಖವಾಡ ತೊಟ್ಟ ಇಬ್ಬರು ಅಗ್ನಿಶಾಮಕದವರು ಅದನ್ನು ಅವರ ಕೈಯಿಂದ ಕಸಿದುಕೊಂಡಂತೆ ಹಿಡಿದು ಕಟ್ಟಡದ ಹಿಂಬದಿಗೆ ಓಡಿದರು.

ಆಮೇಲೆ ಕಾಯುವುದೊಂದೇ ಉಳಿದದ್ದು. ತಂಗಿಗೆ ಮತ್ತೆ ಫೋನು ಹಚ್ಚಿ ಇಬ್ಬರ ನಡುವೆ ಇಟ್ಟುಕೊಂಡರು. ಅವಳ ಕೆಮ್ಮು ಕೇಳುತ್ತಿತ್ತು. ಕೆಮ್ಮುವವರೆಗೆ ಪರವಾಗಿಲ್ಲ ಎಂದು ಅಜ್ಜಿ ತನ್ನೊಳಗೇ ಹೇಳಿಕೊಳ್ಳುತ್ತಿದ್ದಳು. ಗುಡುಗು ಅವಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರು ಚರ್ಮಕ್ಕಿಳಿದಿತ್ತು. ಕೆಮ್ಮು ನಿಂತಿತು. ಏನೋ ಬಿದ್ದ ಸದ್ದಾಗಿ ಕರೆ ಕಡಿದುಹೋಯಿತು.

ಗುಡುಗು ಅಜ್ಜಿಯ ಮುಖವನ್ನೇ ನೋಡಿದಳು. ಅಜ್ಜಿಗೆ ಹೇಳಲು ಒಂದು ಮಾತೂ ಸಿಗಲಿಲ್ಲ. ಬದುಕಿನಲ್ಲಿ ಮೊದಲ ಸಲ ಇರಬೇಕು. ಗುಡುಗನ್ನು ತಡೆದದ್ದು ಸರಿಯೋ ತಪ್ಪೋ ಎಂಬುದು ಆ ಹೊಗೆಯಲ್ಲಿ ಅವಳಿಗೂ ಕಾಣದಾಯಿತು.

ಎಷ್ಟು ಹೊತ್ತಾಯಿತೋ. ಕೆಳಗಿನಿಂದ ಕೂಗು ಬಂತು. ಕಟ್ಟಡದ ಮೂಲೆಯಲ್ಲಿ ಒಬ್ಬ ಯಾರನ್ನೋ ಹೆಗಲ ಮೇಲೆ ಹಾಕಿಕೊಂಡು ಹೊರಬಂದ. ಇಳಿಸಿದಾಗ ಆ ಹುಡುಗಿ ಮೊಣಕಾಲೂರಿ ವಾಂತಿ ಮಾಡಿಕೊಂಡಳು. ಆಮೇಲೆ ತಲೆ ಎತ್ತಿ ಮೇಲೆ ನೋಡಿದಳು. ಗುಡುಗು ಕಂಬಿಗೆ ಹಣೆ ಒತ್ತಿ ಗೊಳೋ ಎಂದು ಅತ್ತಳು.

ಇವರಿಬ್ಬರ ಸರದಿ ಬರುವಷ್ಟರಲ್ಲಿ ಅಜ್ಜಿಗೆ ಅರ್ಧ ಎಚ್ಚರ ತಪ್ಪಿತ್ತು. ಬೆಂಕಿಗೆ ನೀರು ಹೊಡೆದು ಓಣಿ ದಾಟಿ ಬಂದವರು ಬಾಗಿಲು ತಳ್ಳಿದ್ದು, ಯಾರೋ ಮುಖಕ್ಕೆ ಗಾಳಿಯ ಮುಖವಾಡ ಹಿಡಿದದ್ದು ಮಬ್ಬಾಗಿ ಗೊತ್ತಾಯಿತು. ಹೊತ್ತುಕೊಂಡವನು ಮೆಟ್ಟಿಲಲ್ಲಿ ಏದುಸಿರು ಬಿಟ್ಟಾಗ, "ಭಾರ ನಂದಲ್ಲ ಅಣ್ಣ, ಪ್ಲಾಸ್ಟರ್‌ದು," ಎಂದಳಂತೆ. ಅವಳಿಗೆ ಅದು ನೆನಪಿಲ್ಲ.

ಅಂಗಳದಲ್ಲಿ ಗುಡುಗು ತಂಗಿಯ ಬಳಿಗೆ ಓಡಿದಳು. ತಂಗಿ ಮೊದಲು ಅವಳ ಕೆನ್ನೆಗೆ ಬಾರಿಸಿದಳು. ಆಮೇಲೆ ಅವಳನ್ನೇ ತಬ್ಬಿಕೊಂಡು ಬಿಡಲಿಲ್ಲ. ವಾರ್ಡನ್ ಬಳಿ ಬಂದು ಏನೋ ಹೇಳಲು ಬಾಯಿ ತೆರೆದರು. "ಖಾಲಿ ಅಂತ ನಾನೇ ಹೇಳಿದ್ದೆ ಅವರಿಗೆ," ಎಂದಷ್ಟೇ ಅಂದು ಕೂತುಬಿಟ್ಟರು.

ಆಸ್ಪತ್ರೆಯಲ್ಲಿ ಮೂವರನ್ನೂ ಒಂದೇ ವಾರ್ಡಿನಲ್ಲಿ ಮಲಗಿಸಿದರು. ಅಜ್ಜಿಯ ಕಾಲಿನಲ್ಲಿ ಕೂಡುತ್ತಿದ್ದ ಮೂಳೆ ಮತ್ತೆ ಸರಿದಿತ್ತು. ಹೊಸ ಪ್ಲಾಸ್ಟರ್ ಹಾಕಬೇಕೆಂದರು. ಗುಡುಗು ಅವಳ ಮಂಚದ ಅಂಚಿಗೆ ಬಂದು ಕೂತಳು.

"ಅಷ್ಟೇನಿಲ್ಲ ಅಂದ್ಯಲ್ಲ ಅವಾಗ," ಎಂದಳು. "ಹೊಗೆ."

"ಮಾತಾಡಬೇಡ, ಗಂಟಲು ಹಾಳಾಗುತ್ತೆ," ಎಂದಳು ಅಜ್ಜಿ.

ಸಂಜೆ ಗುಡುಗು ಅಜ್ಜಿಯ ಫೋನು ತೆಗೆದುಕೊಂಡು ಮನೆಗೆ ಕರೆ ಮಾಡಿದಳು. ಅವಳ ದನಿ ಪಿಸುಮಾತಿನಷ್ಟಿತ್ತು. ಬೆಂಕಿ ಬಿದ್ದದ್ದು, ಇಬ್ಬರೂ ಕ್ಷೇಮವಾಗಿರುವುದು ಹೇಳಿದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ತಂಗಿಯೂ ಪಕ್ಕದ ಮಂಚದಿಂದ ಸಾಕು ಎನ್ನುವಂತೆ ತಲೆಯಾಡಿಸಿದಳು.

"ಅಮ್ಮ, ಬೀಗ ನಾನೇ ಹಾಕಿದ್ದು," ಎಂದಳು ಗುಡುಗು. "ಹೊರಗಿಂದ."

ಗುಡುಗು ಫೋನು ಕಿವಿಗೊತ್ತಿಕೊಂಡು ಕಾದಳು. ಆಮೇಲೆ ತಾಯಿ ಏನೋ ಹೇಳಿದರು. ಅವಳು ಎದ್ದು ಹೋಗಿ ಫೋನನ್ನು ತಂಗಿಯ ಕೈಗೆ ಕೊಟ್ಟಳು.

"ನಿನ್ನ ದನಿ ಕೇಳಬೇಕಂತೆ," ಎಂದಳು.