ನೆಮ್ಮದಿ ಸಾಹೇಬರ ಬಿಳಿ ರಿಪೋರ್ಟ್

ಕೆಟ್ಟ ಹಾಲಿನ ವಾಸನೆ ಗೋಡೆಗೂ ಹತ್ತಿಕೊಳ್ಳುತ್ತದೆ. ನಮ್ಮ ಡೇರಿಯ ಹಿಂದಿನ ಚರಂಡಿಯಿಂದ ಎದ್ದು, ಮೆಟ್ಟಿಲು ಹತ್ತಿ ಬಂದು, ನಾನು ಕೂರುವ ರಿಪೋರ್ಟ್ ಕೋಣೆಯ ಕಿಟಕಿ ಪರದೆಯಲ್ಲಿ ಅದು ಸಂಸಾರ ಹೂಡಿತ್ತು. ಹಿಂದಿನ ದಿನ ನಸುಕಿನಲ್ಲಿ ಒಂದು ಟ್ಯಾಂಕ್ ಹಾಲನ್ನು ಆ ಚರಂಡಿಗೆ ಬಿಡಿಸಿದವರು ನನ್ನ ಅತ್ತಿಗೆ. ಲ್ಯಾಬಿನಲ್ಲಿ ಹಾಲು ಪರೀಕ್ಷಿಸುವುದು ಅವರ ಕೆಲಸ. ಹುಳಿ ಮಿತಿ ಮೀರಿದೆ ಎಂದು ಯಂತ್ರ ಹೇಳಿತು, ಮೂಗೂ ಹೇಳಿತು. ಅವರು ರಿಪೋರ್ಟಿಗೆ ಕಾಯದೆ ಟ್ಯಾಂಕ್ ಖಾಲಿ ಮಾಡಿಸಿಬಿಟ್ಟರು.

ಮಿತಿ ಮೀರಿದ ಹಾಲಿನ ಸಾಲು ನನ್ನ ಕಂಪ್ಯೂಟರಿನ ರಿಪೋರ್ಟಿನಲ್ಲಿ ಕೆಂಪಾಗಿ ಬರಬೇಕು. ಆದರೆ ಅಂದಿನ ಸಾಲುಗಳೆಲ್ಲ ಬಿಳಿ. "ಒಳ್ಳೇ ಹಾಲು ಚೆಲ್ಲಿದ ಮಹಾತಾಯಿ" ಎಂಬ ಮಾತು ಮ್ಯಾನೇಜರರ ಬಾಯಿಂದ ಹೊರಟು ಗೇಟಿನ ಕಾವಲುಗಾರನವರೆಗೂ ಮುಟ್ಟಿತ್ತು. ಮಧ್ಯಾಹ್ನ ಮುಖ್ಯ ಕಚೇರಿಯ ಅಧಿಕಾರಿ ವಿಚಾರಣೆಗೆ ಬರುವವರಿದ್ದರು. ಅಷ್ಟರೊಳಗೆ ಆ ಕೆಂಪು ಸಾಲು ಸಿಗದಿದ್ದರೆ ಅತ್ತಿಗೆಯ ಕೆಲಸ ಹೋದಂತೆಯೇ.

"ಈ ಕೈಯಲ್ಲೇ ಹುಳಿ ಅಂಕಿ ಹಾಕಿದೀನಿ ಕಣೇ," ಎಂದರು ಅತ್ತಿಗೆ, ಬಾಗಿಲಲ್ಲಿ ನಿಂತು. "ಎಲ್ಲಿ ಹೋಯ್ತು? ಇಲಿ ತಿಂದುಬಿಡ್ತಾ?"

"ಹುಡುಕ್ತೀನಿ ಅತ್ತಿಗೆ."

"ಬೇಗ ಹುಡುಕು. ನಿಮ್ಮಣ್ಣ ಬೇರೆ ಬೆಳಗ್ಗೆ, ಹಾಲು ಮೂಸುವಾಗ ನಿನಗೆ ನೆಗಡಿ ಏನಾದ್ರೂ ಆಗಿತ್ತಾ ಅಂತ ನನ್ನನ್ನೇ ಕೇಳಿದ್ರು. ಹೇಗಿರುತ್ತೆ ಹೇಳು!"

ಬಟ್ಟೆ ಒದ್ದೆ ಮಾಡಿಕೊಂಡು ಮೊದಲು ಮೌಸ್ ಒರೆಸಿದೆ. ಯಾಕೋ ದಿನಾ ಬೆಳಗ್ಗೆ ಅದು ಅಂಟಂಟಾಗಿರುತ್ತಿತ್ತು. ಮುಟ್ಟಿದರೆ ಮೈ ಜುಂ ಎನ್ನುತ್ತಿತ್ತು. ಆಮೇಲೆ ರಿಪೋರ್ಟಿನ ಮೇಲಿದ್ದ, ಬೇಡದ ಸಾಲುಗಳನ್ನು ಮರೆಮಾಡುವ ಫಿಲ್ಟರುಗಳನ್ನು ಒಂದೊಂದಾಗಿ ತೆಗೆದೆ. ಬಿಳಿ. ಕಂಪ್ಯೂಟರನ್ನೇ ಆರಿಸಿ ಹಚ್ಚಿದೆ. ಆಗಲೂ ಬಿಳಿ.

ಅಜ್ಜ ಸಂಜೆ ಹೊತ್ತು ಪದ್ಯ ಓದುವುದನ್ನು ಕೇಳುತ್ತಾ ಬೆಳೆದವಳು ನಾನು. ಕಣ್ಣು ಸೋತರೆ ಕಿವಿಯನ್ನು ಕೇಳುವುದು ರೂಢಿ. ದೇವರನ್ನು ನೆನೆದು ಸಾಲುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದತೊಡಗಿದೆ. ಮೊದಲ ಟ್ಯಾಂಕ್, ಎರಡನೆಯದು, ಮೂರನೆಯದು, ನಾಲ್ಕನೆಯದು, ಮತ್ತೆ ಮೊದಲು. ಅದೇ ಲಯ ಸುತ್ತಿ ಸುತ್ತಿ ಬರುತ್ತಿತ್ತು. ನಸುಕಿನ ಹೊತ್ತಿಗೆ ಬಂದಾಗ ನಾಲಿಗೆ ಎಡವಿತು. ಎರಡನೆಯದಾದ ಮೇಲೆ ನಾಲ್ಕನೆಯದು! ಅತ್ತಿಗೆ ಚೆಲ್ಲಿಸಿದ್ದು ಮೂರನೆಯದನ್ನು. ಆ ಸಾಲು ಬಿಳಿಯಾಗಿರಲಿಲ್ಲ. ಅದನ್ನು ಯಾರೋ ಅಡಗಿಸಿದ್ದರು.

ರಿಪೋರ್ಟಿನ ಮೇಲೆ ಫಿಲ್ಟರ್ ಇಲ್ಲದಿದ್ದರೆ ಅದರ ಕೆಳಗಿರಬೇಕು. ಈ ಸಾಫ್ಟ್‌ವೇರ್ ಮೂಲ ಮಾಹಿತಿಯನ್ನು ನೇರವಾಗಿ ತೋರಿಸುವುದಿಲ್ಲ. ಅದರ ನಕಲನ್ನು ಒಂದು ತಾತ್ಕಾಲಿಕ ಫೈಲಿಗೆ ಇಳಿಸಿಕೊಂಡು ಅಲ್ಲಿಂದ ತೋರಿಸುತ್ತದೆ. ಆ ಫೈಲಿಗೇ ಯಾರಾದರೂ ಫಿಲ್ಟರ್ ಹಾಕಿಟ್ಟರೆ ಮೇಲಿನಿಂದ ಏನು ಕೆರೆದರೂ ಬರುವುದಿಲ್ಲ. ಫೈಲನ್ನು ಅಳಿಸಿದೆ. ರಿಪೋರ್ಟ್ ಹೊಸ ನಕಲು ಇಳಿಸಿಕೊಂಡು ತೆರೆಯಿತು.

ಮೂರನೇ ಟ್ಯಾಂಕ್ ಕೆಂಪಗೆ ಕೂತಿತ್ತು. ಅದೊಂದೇ ಅಲ್ಲ. ಹಿಂದಿನ ವಾರ, ಅದರ ಹಿಂದಿನ ವಾರ, ಸೊಳ್ಳೆ ಕಚ್ಚಿದ ಮೈಯಂತೆ ಪುಟದ ತುಂಬ ಕೆಂಪು. ಅವನ್ನು ಯಾರೂ ಚೆಲ್ಲಿರಲಿಲ್ಲ. ಪ್ಯಾಕಿಂಗ್‌ನವರು ಬಿಳಿ ರಿಪೋರ್ಟ್ ನಂಬಿ ಎಲ್ಲವನ್ನೂ ಪೊಟ್ಟಣಕ್ಕೆ ತುಂಬಿ ಕಳಿಸಿದ್ದರು. ನಮ್ಮ ಮನೆಗೆ ಬರುವುದೂ ಅದೇ ಪೊಟ್ಟಣ.

ಅಷ್ಟರಲ್ಲಿ ಮ್ಯಾನೇಜರ್ ಒಳಗೆ ಬಂದರು. 'ನೆಮ್ಮದಿ ಮುಖ್ಯ' ಎನ್ನದೆ ಅವರ ಮಾತು ಮುಗಿಯುವುದಿಲ್ಲ, ಅದಕ್ಕೇ ಎಲ್ಲರ ಬಾಯಲ್ಲೂ ಅವರು ನೆಮ್ಮದಿ ಸಾಹೇಬರು. ಕೈಯಲ್ಲಿದ್ದ ಕಾಗದ ತಿರುವಲು ಬೆರಳನ್ನು ನಾಲಿಗೆಗೆ ಒತ್ತಿದರು. ಪರದೆಯ ಮೇಲೆ ಕಣ್ಣು ಬಿದ್ದದ್ದೇ, "ಛೆ ಛೆ, ಏನಮ್ಮ ಇದು ಅಪಶಕುನ!" ಎಂದು ಅದೇ ಒದ್ದೆ ಬೆರಳಿಂದ ನನ್ನ ಮೌಸ್ ಹಿಡಿದು ಏನೇನೋ ಒತ್ತಿದರು. ಪುಟ ಮತ್ತೆ ಬಿಳಿಯಾಯಿತು.

ದಿನಾ ಬೆಳಗ್ಗೆ ನಾನು ಒರೆಸುತ್ತಿದ್ದ ಅಂಟು ಏನೆಂದು ಆಗ ತಿಳಿಯಿತು.

"ಏನ್ ಸರ್ ಮಾಡಿದ್ರಿ?"

"ಕೆಂಪು ತೆಗ್ದೆ. ದಿನಾ ತೆಗೀತೀನಲ್ಲ, ನೀವು ಬರೋಕ್ ಮುಂಚೆ. ಬೆಳಬೆಳಗ್ಗೆ ಕೆಂಪು ನೋಡಿದ್ರೆ ಟೀ ಕೂಡ ಒಳಗೆ ಇಳಿಯಲ್ಲ ನಂಗೆ."

"ಹಾಗಾದ್ರೆ ಅತ್ತಿಗೆ ಚೆಲ್ಲಿಸಿದ ಹಾಲು..."

"ರಿಪೋರ್ಟಲ್ಲಿ ಕೆಂಪೇ ಇಲ್ವಲ್ಲಮ್ಮ! ನೀವೇ ನೋಡಿ."

ಅವರು ಸುಳ್ಳು ಹೇಳುತ್ತಿರಲಿಲ್ಲ. ತಾವೇ ಮುಚ್ಚಿಟ್ಟದ್ದನ್ನು ಟೀ ಲೋಟ ಕೆಳಗಿಡುವುದರೊಳಗೆ ಮರೆತು, ಉಳಿದದ್ದನ್ನು ವೇದವಾಕ್ಯವೆಂದು ನಂಬುವ ಮನುಷ್ಯ. ಸುಳ್ಳುಗಾರನ ಮುಖ ನೋಡಿದ್ದರೂ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ.

"ಬಿಳೀದೇ ಇರ್ಲಿ," ಹೋಗುತ್ತಾ ಹೇಳಿದರು. "ನಿಮ್ಮತ್ತಿಗೆಗೆ ಬೇರೆ ಕಡೆ ಏನಾದ್ರೂ ನೋಡೋಣ. ನೆಮ್ಮದಿ ಮುಖ್ಯ."

ಫೈಲನ್ನು ಮತ್ತೆ ಅಳಿಸಿ, ಮೌಸನ್ನು ಮತ್ತೆ ಒರೆಸಿ ಕೂತೆ.

ಮಧ್ಯಾಹ್ನ ಅಧಿಕಾರಿ ಬಂದರು. ಉಪಚಾರಕ್ಕೆಂದು ಕೊಟ್ಟ ಹಾಲಿನ ಲೋಟ ಅವರ ಕೈಯಲ್ಲಿತ್ತು. ಪಕ್ಕದಲ್ಲಿ ಮ್ಯಾನೇಜರ್, ಹಿಂದೆ ಸೆರಗು ಬಿಗಿಹಿಡಿದ ಅತ್ತಿಗೆ.

"ಎಲ್ಲಿದೆಯಮ್ಮ ರಿಪೋರ್ಟು?" ಎಂದರು ಅಧಿಕಾರಿ.

ತೆರೆದೆ. ಪರದೆ ಕೆಂಪಾಯಿತು. ಅಧಿಕಾರಿ ಬಗ್ಗಿ ನೋಡುವ ಮೊದಲೇ ಮ್ಯಾನೇಜರರ ಕೈ ತಾನಾಗಿ ಮುಂದೆ ಬಂತು. "ಛೆ ಛೆ" ಎನ್ನುತ್ತಾ ಒತ್ತಿದರು. ಎಲ್ಲರ ಕಣ್ಣೆದುರೇ ಪುಟ ಬಿಳಿಯಾಯಿತು. ತಾವೇನು ಮಾಡಿದೆವೆಂದು ಮ್ಯಾನೇಜರರಿಗೆ ತಿಳಿದದ್ದು ಎಲ್ಲರಿಗಿಂತ ಕೊನೆಗೆ.

"ಅಯ್ಯೋ, ಅದು ಅಭ್ಯಾಸ ಸರ್..."

"ಅಭ್ಯಾಸಾನಾ?" ಎಂದರು ಅಧಿಕಾರಿ. ನನಗೆ ಮತ್ತೆ ತೆರೆಯಲು ಹೇಳಿದರು. ಫೈಲನ್ನು ಅಳಿಸಿ ತೆರೆದೆ. ಮೂರನೇ ಟ್ಯಾಂಕಿನ ಸಾಲನ್ನು ಓದಿದರು, ಕೈಯಲ್ಲಿದ್ದ ಲೋಟ ನೋಡಿದರು, ಅದನ್ನು ಮೇಜಿನ ತುದಿಗೆ ಸರಿಸಿದರು. ಅತ್ತಿಗೆಯ ಕಡೆ ತಿರುಗಿ, "ನೀವು ಕೆಲಸಕ್ಕೆ ಹೋಗಿ ಅಮ್ಮ, ನಿಮ್ಮದೇನೂ ತಪ್ಪಿಲ್ಲ," ಎಂದರು. ನನ್ನ ಎದೆ ಹಗುರಾಯಿತು. ಅದು ಉಳಿದದ್ದು ಅವರ ಮುಂದಿನ ಮಾತಿನವರೆಗೆ ಮಾತ್ರ: "ಹಳೇ ಕೆಂಪೆಲ್ಲ ಕೆದಕೋದು ಬೇಡ. ಹೋಗಿದ್ದು ಹೋಯ್ತು. ಜನ ಕುಡಿದೂ ಆಯ್ತು."

ಮ್ಯಾನೇಜರ್ ನೆಮ್ಮದಿಯಿಂದ ಉಸಿರು ಬಿಟ್ಟದ್ದು ಕೇಳಿಸಿತು.

ಸಂಜೆ ಮನೆಯಲ್ಲಿ ಅತ್ತಿಗೆ ಹಾಲಿನ ಪೊಟ್ಟಣ ಕತ್ತರಿಸಿ ಮೂಗಿನ ಹತ್ತಿರ ಹಿಡಿದರು. ಆಮೇಲೆ ನನ್ನ ಕಡೆ ಚಾಚಿದರು. ವಾಸನೆ ಇರಲಿಲ್ಲ. ಆದರೂ ಇಬ್ಬರಿಗೂ ಅದನ್ನು ಪಾತ್ರೆಗೆ ಸುರಿಯಲು ಕೈ ಬರಲಿಲ್ಲ.

"ಟೀ ಎಲ್ರೇ?" ಎಂದ ಅಣ್ಣ, ಒಳಗಿನಿಂದ.

"ಇವತ್ತು ಹಾಲಿಲ್ದೆ ಕುಡೀರಿ," ಎಂದರು ಅತ್ತಿಗೆ. "ನಂಗೆ ನೆಗಡಿ."