ಹನ್ನೊಂದು ಗಂಟೆಯ ಬೆರಳುಗಳು

ಬುಕ್ ಬೈಂಡಿಂಗ್ ಶಾಪಿನ ಮೇಸ್ತ್ರಿ ಅವಳಿಗೆ ‘ಹನ್ನೊಂದು ಗಂಟೆ’ ಎಂದೇ ಹೆಸರಿಟ್ಟಿದ್ದ. ಎಂಟಕ್ಕೆ ಬಂದು ಕೂತರೂ ಹನ್ನೊಂದಾಗುವವರೆಗೆ ಸೂಜಿಗೆ ದಾರ ಪೋಣಿಸಲು ತಿಣುಕುತ್ತಿದ್ದಳು. ಆಮೇಲೆ ಪುಸ್ತಕ ಹೊಲಿಯುವುದರಲ್ಲಿ ಅವಳ ವೇಗಕ್ಕೆ ಸಾಟಿಯೇ ಇರಲಿಲ್ಲ. ಬೆಳಿಗ್ಗೆ ಬೆರಳು ಮಡಚಲು ಬರುವುದಿಲ್ಲ ಎಂದು ಅವಳು ಎಷ್ಟು ಸಲ ಹೇಳಿದರೂ, ಇದು ಮೈಗಳ್ಳತನವಲ್ಲದೆ ಇನ್ನೇನು ಎಂದು ಮೇಸ್ತ್ರಿ ತೀರ್ಮಾನಿಸಿಬಿಟ್ಟ. ತಿಂಗಳ ಕೊನೆಯೊಳಗೆ ಸರಿಹೋಗದಿದ್ದರೆ ಹದಿನಾಲ್ಕು ವರ್ಷದ ಹೊಲಿಗೆಯ ಜಾಗ ಬಿಟ್ಟು ಮನೆಗೆ ನಡೆಯಬಹುದು ಎಂದೂ ಅಂದ.

ಮನೆಯಲ್ಲೂ ಅದೇ ರಾಗ. ಸಂಜೆ ಪಾತ್ರೆ ಉಜ್ಜುವಾಗ ಇಲ್ಲದ ನೋವು ಬೆಳಿಗ್ಗೆ ಎಲ್ಲಿಂದ ಬರುತ್ತೆ ಎಂದು ಗಂಡ ಕೇಳುತ್ತಿದ್ದ. ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ನಾದಿನಿ ಒಂದು ಎಣ್ಣೆ ಕೊಟ್ಟಳು, ಪಕ್ಕದ ಮನೆಯಾಕೆ ಬದನೆಕಾಯಿ ಬಿಡು ಎಂದಳು. ಪುಕ್ಕಟೆ ಸಲಹೆಗೇನು, ಬೇಕಾದಷ್ಟಿತ್ತು. ನಂಬುವವರು ಒಬ್ಬರೂ ಇರಲಿಲ್ಲ.

ಸಂಜೆ ಕ್ಲಿನಿಕ್ಕಿನ ಡಾಕ್ಟರಿಗೆ ಎರಡು ಸಲ ತೋರಿಸಿದ್ದಳು. ಆ ಹೊತ್ತಿಗೆ ಬೆರಳುಗಳು ಹೇಳಿದ ಮಾತು ಕೇಳುತ್ತಿದ್ದವು. ಅದು ಸಾಲದೆಂಬಂತೆ, ಅಂಟು ಮೆತ್ತಿದ ಕೈ ಚಾಚುವುದು ಹೇಗೆಂದು ಬಿಸಿನೀರಿನಲ್ಲಿ ಅದ್ದಿ ತೊಳೆದೇ ಹೋಗುತ್ತಿದ್ದಳು. ಇದ್ದಬದ್ದ ಬಿಗಿತವೂ ಸಡಿಲವಾಗುತ್ತಿತ್ತು. ಎಕ್ಸ್‌ರೇಯಲ್ಲಿ ಏನೂ ಇಲ್ಲ, ವಯಸ್ಸಾಯಿತಲ್ಲ ಎಂದು ಅವರು ನೋವಿನ ಮಾತ್ರೆ ಬರೆದು ಕೈತೊಳೆದುಕೊಂಡರು. ಅವಳಿಗಾಗ ಮೂವತ್ತೆಂಟು.

ಕೊನೆಗೆ ದೊಡ್ಡಾಸ್ಪತ್ರೆಯ ಕೀಲುಗಳ ಡಾಕ್ಟರಮ್ಮ ಕೈ ಮುಟ್ಟುವ ಮೊದಲೇ ಒಂದು ಪ್ರಶ್ನೆ ಕೇಳಿದರು.

“ಬೆಳಿಗ್ಗೆ ಎದ್ದಮೇಲೆ ಮುಷ್ಟಿ ಕಟ್ಟೋಕೆ ಎಷ್ಟು ಹೊತ್ತು ಬೇಕಮ್ಮ?”

ಎರಡು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಆರಕ್ಕೆ ಎದ್ದರೆ ಹನ್ನೊಂದಾಗುತ್ತದೆ ಎಂದಳು. ಸವೆದ ಕೀಲು ದುಡಿದಷ್ಟೂ ನೋಯುತ್ತದೆ, ಈ ಜಾತಿಯ ವಾತ ಹಾಗಲ್ಲ, ವಿಶ್ರಾಂತಿಯಲ್ಲೇ ಬಿಗಿಯುತ್ತದೆ, ರೋಗ ತಡೆಯಬೇಕಾದ ಮೈಯ ಕಾವಲೇ ಕೀಲಿನ ಮೇಲೆ ತಿರುಗಿಬೀಳುತ್ತದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ರಕ್ತ ತೆಗೆಸಿ, ನಾಳೆ ಏಳಕ್ಕೇ ಬಾ, ಬಿಸಿನೀರು ಮುಟ್ಟಬೇಡ, ಗಂಡನನ್ನೂ ಕರೆದುಕೊಂಡು ಬಾ ಎಂದರು.

ಮರುದಿನ ಅವಳ ಚಪ್ಪಲಿಯ ಪಟ್ಟಿಯನ್ನು ಗಂಡನೇ ಹಾಕಬೇಕಾಯಿತು. ಊದಿದ ಗೆಣ್ಣುಗಳನ್ನು ಒತ್ತಿ ನೋಡುತ್ತ ಡಾಕ್ಟರಮ್ಮ ಇದು ಎಷ್ಟು ದಿನದಿಂದ ಎಂದರು. ಎರಡು ತಿಂಗಳಿರಬಹುದು ಎಂದ ಗಂಡ.

“ಎರಡು ವರ್ಷ,” ಅಂದಳು ಅವಳು. “ಇವರಿಗೆ ಕೇಳಿಸಿದ್ದು ಈಗ.”

ರಕ್ತದ ರಿಪೋರ್ಟೂ ಅದನ್ನೇ ಹೇಳಿತು. ಇವತ್ತಿನಿಂದ ಮಾತ್ರೆ, ತಿಂಗಳಿಗೊಮ್ಮೆ ರಕ್ತಪರೀಕ್ಷೆ ಎಂದರು ಡಾಕ್ಟರಮ್ಮ. ಉಳಿದ ಬೆರಳುಗಳನ್ನು ಕಾಪಾಡಬಹುದು. ಆಗಲೇ ಸೊಟ್ಟಗಾದ ಎರಡು ಬೆರಳು ಮಾತ್ರೆಯಿಂದ ನೆಟ್ಟಗಾಗುವುದಿಲ್ಲ. ಮೊದಲ ವರ್ಷವೇ ಬಂದಿದ್ದರೆ ಆ ಮಾತು ಬೇರೆ.

ಹೊರಗೆ ಬಂದು ಅವಳು ಡಾಕ್ಟರಮ್ಮನ ಕಾಗದವನ್ನು ಗಂಡನ ಕೈಗೆ ತುರುಕಿ, ಶಾಪಿಗೆ ಬಂದು ಮೇಸ್ತ್ರಿಗೆ ನೀವೇ ಹೇಳಿ ಎಂದಳು.

ಗಂಡ ಹೇಳಿದ. ಒಂದು ನಿಮಿಷವೂ ಹಿಡಿಯಲಿಲ್ಲ. ಮೇಸ್ತ್ರಿ ಕಾಗದವನ್ನು ಬಿಚ್ಚಿ ಸಹ ನೋಡದೆ ಲೊಚಗುಟ್ಟಿದ. ಇನ್ನುಮೇಲೆ ಹನ್ನೊಂದಕ್ಕೇ ಬರಲಿ, ಸಂಜೆ ಎರಡು ತಾಸು ಹೆಚ್ಚು ಕೂರಲಿ, ಜಾಗ ಎಲ್ಲೂ ಹೋಗುವುದಿಲ್ಲ ಎಂದ. ಆಮೇಲೆ ಅವಳ ಕಡೆ ತಿರುಗಿದ.

“ಇದನ್ನ ಮೊದಲೇ ಹೇಳೋದಲ್ವೇನಮ್ಮ?”

ಜಾಗ ಉಳಿದಿತ್ತು. ಅವಳಿಗೆ ಮಾತ್ರ ಅಡಿಯಿಂದ ಮುಡಿಯವರೆಗೆ ಉರಿಯಿತು. ಮುಷ್ಟಿ ಕಟ್ಟಿ ಮೇಸ್ತ್ರಿಗೆ ಗುದ್ದಬೇಕೆನ್ನಿಸಿತು, ಗಂಡನಿಗೂ. ಗಂಟೆ ಇನ್ನೂ ಒಂಬತ್ತು. ಬೆರಳು ಮಡಚಲು ಬರಲಿಲ್ಲ.